ಇಲ್ಲ ಎನ್ನಲು ಕಲಿಸಹೊರಟ ಮೇಷ್ಟ್ರು

ಮಳವಳ್ಳಿಯಿಂದ ಫೋನು ಬಂದಾಗ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮಾತಾಡಿದವರು ಮೇಷ್ಟ್ರ ತಮ್ಮ. ಅಣ್ಣ ಬೆಳಿಗ್ಗೆ ಹೋಗಿಬಿಟ್ಟರು, ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು, ನಿಮಗೊಂದು ಮಾತು ತಿಳಿಸಬೇಕು ಅನ್ನಿಸಿತು ಎಂದರು. ಏನಾಗಿತ್ತು ಎಂದು ಕೇಳಿದ್ದಕ್ಕೆ ಸಕ್ಕರೆ ಕಾಯಿಲೆ, ಕಿಡ್ನಿಗೆ ಬಂದಿತ್ತು ಎಂದರು. ಡಾಕ್ಟರು ಬರೆದುಕೊಟ್ಟಿದ್ದು ಅದೇ ಇರಬಹುದು. ಮೇಷ್ಟ್ರು ಮಾತ್ರ ಅದಕ್ಕೆ ಎಷ್ಟೋ ಮೊದಲೇ, ಮಂಡ್ಯದ ಒಂದು ಕಚೇರಿಯ ಪಡಸಾಲೆಯಲ್ಲಿ, ನನ್ನ ಕಣ್ಣೆದುರಿಗೇ ಮುಗಿದುಹೋಗಿದ್ದರು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಗುರುತು ಹಿಡಿಯುವವರು ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಇದ್ದಾರೆ, ಅವರಲ್ಲಿ ಅರ್ಧ ಜನ ತಪ್ಪು ಕಾರಣಕ್ಕೆ ಗುರುತು ಹಿಡಿಯುತ್ತಾರೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದದ್ದು ಮಂಡ್ಯದ ನೂರಡಿ ರಸ್ತೆಯಲ್ಲಿ, ಮೋಟಾರು ವೈಂಡಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ. ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಕೆಲಸಗಾರರು ಮೊಬೈಲಿನಲ್ಲೇ ನೋಡಿ ಕಲಿಯುವಂಥ ತರಬೇತಿ ಕೋರ್ಸುಗಳನ್ನು ಕನ್ನಡದಲ್ಲಿ ಮಾಡಿಕೊಡುವುದು ಆ ಕಂಪನಿಯ ವ್ಯಾಪಾರ. ಬೆಂಕಿ ಬಿದ್ದರೆ ಏನು ಮಾಡಬೇಕು, ಆಸಿಡ್ಡಿನ ಡ್ರಮ್ಮು ಹೇಗೆ ಎತ್ತಬೇಕು, ಓಡುತ್ತಿರುವ ಮೆಷೀನಿಗೆ ಯಾಕೆ ಕೈ ಹಾಕಬಾರದು, ಇಂಥವು. ನಾನು ಕನ್ನಡ ಎಂ.ಎ. ಮಾಡಿ, ಅತಿಥಿ ಉಪನ್ಯಾಸಕಿಯಾಗಿ ಸಾಕುಸಾಕಾಗಿ ಅಲ್ಲಿಗೆ ಸೇರಿದ್ದೆ. ಮಾತು ಬರೆಯುವುದು, ಧ್ವನಿ ಕೊಡುವುದು ನನ್ನ ಪಾಲು. ಮೇಷ್ಟ್ರು ಮದ್ದೂರಿನ ಒಂದು ಖಾಸಗಿ ಐಟಿಐನಲ್ಲಿ ಫಿಟ್ಟರ್ ಪಾಠ ಹೇಳುತ್ತಿದ್ದವರು. ಸೇರುವವರು ಕಡಿಮೆಯಾಗಿ ಐಟಿಐ ಬಾಗಿಲು ಹಾಕಿದ ಮೇಲೆ ನಮ್ಮಲ್ಲಿಗೆ ಬಂದರು. ಯಾವ ಸ್ಕ್ರೀನಿನಲ್ಲಿ ಏನು ಬರಬೇಕು, ಕಲಿಯುವವನಿಗೆ ಏನು ಕೇಳಬೇಕು, ಅವನು ಯಾವುದನ್ನು ಒತ್ತಿದರೆ ಏನಾಗಬೇಕು ಎಂದು ನಕ್ಷೆ ಹಾಕುವುದು ಅವರ ಕೆಲಸ.

ತೆಳ್ಳಗಿನ ಆಳು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಉಕ್ಕಿನ ಸ್ಕೇಲು. ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ ಉಕ್ಕಿನ ಸ್ಕೇಲು ಯಾಕೆ ಎಂದು ನಾನು ಮೊದಲ ವಾರವೇ ಕೇಳಿದ್ದೆ. ಅವರು ಅದನ್ನು ನನ್ನ ಮೊಬೈಲಿನ ಮೇಲಿಟ್ಟು ಬಟನ್ನಿನ ಅಗಲ ಅಳೆದು ತೋರಿಸಿದರು. ಇಷ್ಟಗಲ ನಿಮ್ಮಂಥವರ ಬೆರಳಿಗೆ ಸಾಕು, ಹಾರೆ ಹಿಡಿಯುವವನ ಬೆರಳಿಗೆ ಸಾಲದು ಎಂದರು. ಹೊಸ ಕೋರ್ಸು ಸಿದ್ಧವಾದಾಗ ಮೊಬೈಲಿನ ಗಾಜಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಿದ್ದರು. ಎಣ್ಣೆ ಕೈಯಲ್ಲಿ ಒತ್ತಲು ಬಾರದ ಬಟನ್ನು ಅವರ ಪ್ರಕಾರ ಬಟನ್ನೇ ಅಲ್ಲ. ನಮ್ಮ ಓನರು ಆ ಎಣ್ಣೆ ಶೀಶೆಯನ್ನು ಕಂಡಾಗಲೆಲ್ಲ ಮುಖ ಸಿಂಡರಿಸುತ್ತಿದ್ದರು.

‘ಮುಂದೆ’ ಎಂದು ಬರೆದ ಬಟನ್ನಿನ ಮೇಲೆ ಅವರಿಗೆ ಹಳೇ ದ್ವೇಷ. ನಮ್ಮ ಕಂಪನಿ ಅಲ್ಲಿಯತನಕ ಮಾಡಿದ ಕೋರ್ಸುಗಳೆಲ್ಲ ಒಂದೇ ಥರ: ನಾಲ್ಕು ಸಾಲು ಬರಹ, ನನ್ನ ಧ್ವನಿ, ಕೆಳಗೆ ‘ಮುಂದೆ’. ಕೆಲಸಗಾರ ಅದನ್ನು ಒತ್ತುತ್ತಾ ಹೋದರೆ ಕೊನೆಗೆ ಸರ್ಟಿಫಿಕೇಟು. ಮೇಷ್ಟ್ರು ಒಂದು ದಿನ ಅಂಥದ್ದೊಂದನ್ನು ಕಣ್ಣು ಮುಚ್ಚಿಕೊಂಡೇ ಮುಗಿಸಿ, ತಮ್ಮ ಹೆಸರಿನಲ್ಲಿ ಬಂದ ಸರ್ಟಿಫಿಕೇಟನ್ನು ಓನರ ಮೇಜಿನ ಮೇಲಿಟ್ಟು ಬಂದರು. ಆಮೇಲೆ ನನ್ನ ಹತ್ತಿರ ಬಂದು, “ಮುಂದೆ ಮುಂದೆ ಅಂತ ಒತ್ತಿಸ್ಕಂಡ್ ಓಯ್ತಾ ಇದ್ರೆ ದನ ಅಟ್ಟಿದಂಗಾಯ್ತದೆ ಕಣಮ್ಮ, ಪಾಠ ಆಗಕಿಲ್ಲ” ಎಂದರು. ಐಟಿಐನಲ್ಲಿ ಕಲಿಯುವವನು ತಪ್ಪು ಮಾಡಿದರೆ ಒಂದು ಕಬ್ಬಿಣದ ತುಂಡು ಹಾಳಾಗುತ್ತಿತ್ತು, ಕಾರ್ಖಾನೆಯಲ್ಲಿ ತಪ್ಪು ಮಾಡಿದರೆ ಬೆರಳು ಹೋಗುತ್ತದೆ, ಈ ಮೊಬೈಲಿನಲ್ಲಿ ತಪ್ಪು ಮಾಡಿದರೆ ಏನೂ ಹೋಗುವುದಿಲ್ಲ. ಹಾಗಿದ್ದ ಮೇಲೆ ಇಲ್ಲಿ ಧಾರಾಳವಾಗಿ ತಪ್ಪು ಮಾಡಲು ಬಿಡಬೇಕು ಎನ್ನುವುದು ಅವರ ವಾದ. ತಪ್ಪು ಒತ್ತಿದವನಿಗೆ ಕೆಂಪು ಗುರುತು ಹಾಕಿ ಅವಮಾನ ಮಾಡಬಾರದು, ಆ ತಪ್ಪಿನಿಂದ ಏನಾಗುತ್ತದೋ ಅದನ್ನು ಪೂರ್ತಿ ತೋರಿಸಬೇಕು ಎನ್ನುತ್ತಿದ್ದರು.

ಒಮ್ಮೆ ನನ್ನನ್ನು ಮಳವಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ತಂದೆ ಇಟ್ಟಿದ್ದ ಲೇತ್ ಅಂಗಡಿಯನ್ನು ತಮ್ಮ ನಡೆಸುತ್ತಿದ್ದರು. ಡ್ರಿಲ್ಲಿನ ಮೊನೆ ಮುರಿಯುವುದಕ್ಕೆ ಸ್ವಲ್ಪ ಮೊದಲು ಸದ್ದು ಬದಲಾಗುತ್ತದೆ, ಅದನ್ನು ಹಿಡಿದು ಕೋರ್ಸಿಗೆ ಹಾಕಬೇಕು ಎನ್ನುವುದು ಅವರ ಹಟ. ಇಡೀ ಮಧ್ಯಾಹ್ನ ಅಣ್ಣತಮ್ಮಂದಿರಿಬ್ಬರೂ ಒಳ್ಳೊಳ್ಳೆಯ ಡ್ರಿಲ್ಲುಗಳನ್ನು ಬೇಕೆಂದೇ ಮುರಿದರು, ನಾನು ಮೈಕು ಹಿಡಿದುಕೊಂಡು ನಿಂತೆ. ಮೇಷ್ಟ್ರ ಹೆಂಡತಿ ಊಟಕ್ಕೆ ಕರೆಯಲು ಬಂದವರು ಈ ಹುಚ್ಚಾಟ ನೋಡಿ ಉರ್ದುವಿನಲ್ಲಿ ಏನೋ ಅಂದರು, ತಮ್ಮ ಬಿದ್ದು ಬಿದ್ದು ನಕ್ಕರು. ಏನೆಂದರು ಎಂದು ನಾನು ಕೇಳಿದಾಗ ಮೇಷ್ಟ್ರು, ಅದು ಕೋರ್ಸಿಗೆ ಹಾಕುವಂಥದ್ದಲ್ಲ ಎಂದು ಜಾರಿಕೊಂಡರು. ಆ ಕೋರ್ಸಿನಲ್ಲಿ ಮೊದಲ ಸ್ಕ್ರೀನು ಪೂರ್ತಿ ಕಪ್ಪು. ಬರೀ ಸದ್ದು. ಯಾವಾಗ ನಿಲ್ಲಿಸಬೇಕು ಅನ್ನಿಸುತ್ತದೋ ಆಗ ಒತ್ತಬೇಕು, ಅಷ್ಟೆ. ಅದನ್ನು ಮಾಡಿದ ಕೆಲಸಗಾರರು ಇನ್ನೊಂದು ಸಲ, ಇನ್ನೊಂದು ಸಲ ಎಂದು ತಾವಾಗಿ ಕೇಳಿದರಂತೆ. ಮೇಷ್ಟ್ರು ಆ ಸುದ್ದಿಯನ್ನು ಹೇಳಿಕೊಂಡು ಒಂದು ವಾರ ಓಡಾಡಿದರು.

ಅವರನ್ನು ಮುಗಿಸಿದ ಕೋರ್ಸು ಮದ್ದೂರಿನ ಕಡೆಯ ಒಂದು ಕಾರ್ಖಾನೆಯದು. ತೆಂಗಿನ ತುರಿ ಒಣಗಿಸಿ ಚೀಲಕ್ಕೆ ತುಂಬುವ ಕಾರ್ಖಾನೆ. ಅಲ್ಲಿ ಕಾಯಿನೀರು, ತೊಳೆದ ನೀರು ಎಲ್ಲ ಹೋಗಿ ಸೇರಲು ನೆಲದಡಿ ಒಂದು ತೊಟ್ಟಿ. ಆ ನೀರು ಕೊಳೆತರೆ ಅದರಿಂದ ಹುಟ್ಟುವ ಗಾಳಿ ಒಳಗಿಳಿದವನನ್ನು ಮತ್ತೆ ಮೇಲೆ ಬರಲು ಬಿಡುವುದಿಲ್ಲ. ತೊಟ್ಟಿಗೆ ಯಾರೂ ಸುಮ್ಮನೆ ಇಳಿಯಬಾರದು, ಇಳಿ ಎಂದು ಮೇಲಿನವರೇ ಹೇಳಿದರೂ ಇಳಿಯಬಾರದು, ಇದನ್ನು ಕಲಿಸಬೇಕಿತ್ತು. ಮೇಷ್ಟ್ರು ಒಂದು ಸಣ್ಣ ಕತೆ ಕಟ್ಟಿದರು. ಪುಟ್ಟಸ್ವಾಮಿ ಎಂಬ ಕೆಲಸಗಾರ, ಸಿದ್ದಣ್ಣ ಎಂಬ ಸೂಪರ್‌ವೈಸರು. ಪಂಪು ಕಟ್ಟಿಕೊಂಡಿದೆ, ಒಂದು ಗಳಿಗೆ ಇಳಿದು ಕಸ ತೆಗೆದುಬಿಡಪ್ಪ ಎಂದು ಸಿದ್ದಣ್ಣ ಹೇಳುತ್ತಾನೆ. ಕೆಳಗೆ ಎರಡು ಬಟನ್ನು. ಒಂದರಲ್ಲಿ ‘ಆಯ್ತಣ್ಣ’, ಇನ್ನೊಂದರಲ್ಲಿ ‘ಇಲ್ಲ, ಇಳಿಯಲ್ಲ’. ಆಯ್ತಣ್ಣ ಎಂದರೆ ಪುಟ್ಟಸ್ವಾಮಿ ಇಳಿಯುತ್ತಾನೆ, ಅವನ ಟಾರ್ಚಿನ ಬೆಳಕು ಅಲುಗಾಡುತ್ತದೆ, ಆಮೇಲೆ ಅಲುಗಾಡುವುದು ನಿಲ್ಲುತ್ತದೆ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸಗಾರರನ್ನು ಕೂರಿಸಿ ಅದನ್ನು ಕೊಟ್ಟು ನೋಡಿದೆವು. ಎಲ್ಲರೂ ‘ಆಯ್ತಣ್ಣ’ ಒತ್ತಿದರು. ಟಾರ್ಚಿನ ಬೆಳಕು ನಿಂತಾಗ ಲೊಚಗುಟ್ಟಿದರು, ಒಬ್ಬ ಹೆಂಗಸು ಸೆರಗು ಬಾಯಿಗೆ ಹಿಡಿದಳು. ಮತ್ತೆ ಕೊಟ್ಟೆವು. ಮತ್ತೆ ಎಲ್ಲರೂ ‘ಆಯ್ತಣ್ಣ’. ನನಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮ ಕಡೆಯ ಜನ ಮಾತಿನಲ್ಲಿ ಯಾರಿಗೂ ಸೊಪ್ಪು ಹಾಕದವರೆಂದು ಹೆಸರು ಪಡೆದವರು. ಟೀ ಅಂಗಡಿಯಲ್ಲಿ ಕೂತರೆ ಮಂತ್ರಿಯಿಂದ ಹಿಡಿದು ಮಾವನ ತನಕ ಎಲ್ಲರ ಜನ್ಮ ಜಾಲಾಡುವವರು. ಅಂಥವರ ಬೆರಳು ಒಂದು ಬೊಂಬೆ ಸೂಪರ್‌ವೈಸರಿಗೆ ಇಲ್ಲ ಎನ್ನಲು ಏಳುತ್ತಿರಲಿಲ್ಲ. ಮೇಷ್ಟ್ರು ಟವೆಲ್ಲು ಹೊದ್ದಿದ್ದ ಒಬ್ಬ ಹಿರಿಯ ಕೆಲಸಗಾರನ ಪಕ್ಕ ಕೂತು ಯಾಕೆ ಎಂದು ಕೇಳಿದರು. ಆತ ಸುತ್ತ ನೋಡಿ ಮೆಲ್ಲಗೆ, “ಇಲ್ಲ ಅಂತ ಒತ್ತುದ್ರೆ ಮೇಲಿನೋರ್ಗೆ ಗೊತ್ತಾಗಕಿಲ್ವಾ ಸಾರ್?” ಎಂದ.

ಗೊತ್ತಾಗುತ್ತಿತ್ತು. ಯಾರು ಏನು ಒತ್ತಿದರು ಎನ್ನುವುದೆಲ್ಲ ಕಾರ್ಖಾನೆಯ ಕಂಪ್ಯೂಟರಿಗೆ ಹೋಗುವ ಹಾಗೆ ಕೋರ್ಸು ಕಟ್ಟಿದ್ದೇ ನಾವು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಸೂಪರ್‌ವೈಸರುಗಳೆಲ್ಲ ಅವರವರ ಊರಿನವರೇ, ನೆಂಟರೇ. ಕೆಲಸ ಕೊಡಿಸಿದವರೂ ಅವರೇ. ಮದುವೆಗೆ ಮುಂದೆ ನಿಂತವರನ್ನು, ಅಣ್ಣ, ಮಾವ ಎಂದು ಕರೆಯುವವರನ್ನು ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ಹೇಗೆ ಎಂದು ಅವರು ನಮ್ಮನ್ನೇ ಕೇಳಿದರು. ಮದ್ದೂರಿಗೆ ಹೋದವರು ವಡೆ ಕಟ್ಟಿಸಿಕೊಂಡು ಬರುತ್ತಾರೆ, ಮೇಷ್ಟ್ರು ಅವತ್ತು ಆ ಪ್ರಶ್ನೆ ಕಟ್ಟಿಸಿಕೊಂಡು ಬಂದರು.

ಆ ತಿಂಗಳಲ್ಲೇ ಓನರು ನಮ್ಮನ್ನೆಲ್ಲ ವ್ಯಾನಿನಲ್ಲಿ ಮುತ್ತತ್ತಿಗೆ ಕರೆದುಕೊಂಡು ಹೋದರು. ಆಂಜನೇಯನ ದರ್ಶನ ಮಾಡಿ, ಹೊಳೆ ದಂಡೆಯಲ್ಲಿ ಊಟ ಬಿಚ್ಚಿದೆವು. ಓನರ ಒಂದು ಚಪ್ಪಲಿ ಜಾರಿ ಹೊಳೆಗೆ ಬಿದ್ದು, ಸ್ವಲ್ಪ ದೂರದಲ್ಲಿ ಬಂಡೆಗೆ ಸಿಕ್ಕಿಕೊಂಡಿತು. ಅಲ್ಲಿ ಕಾವೇರಿ ನೋಡಲು ಸಾಧು, ಒಳಗೆ ಸುಳಿ. ಓನರು ವ್ಯಾನಿನ ಡ್ರೈವರನನ್ನು ಕರೆದು, ಹೋಗಿ ಎತ್ತಿಕೊಂಡು ಬಾರಪ್ಪ ಎಂದರು. ಡ್ರೈವರು ಪಂಚೆ ಮೇಲೆ ಕಟ್ಟಿಕೊಂಡ. “ನೀವ್ ಊಟ ಮಾಡ್ತಿರಿ ಸಾರ್, ಟೈರ್ ಒಸಿ ನೋಡ್ಬುಟ್ಟು ಬತ್ತೀನಿ” ಎಂದು ವಿನಯದಿಂದ ಹೇಳಿ ಹೋದವನು ವ್ಯಾನಿನ ಹಿಂದೆ ಕೂತು ಬೀಡಿ ಹಚ್ಚಿದ. ಟೈರು ನೋಡಿದ, ಗಾಜು ಒರೆಸಿದ, ಯಾರಿಗೋ ಫೋನು ಮಾಡಿದ. ಅಷ್ಟರಲ್ಲಿ ಚಪ್ಪಲಿ ತೇಲಿ ಹೋಯಿತು. ಓನರು ಕೋಪ ಮಾಡಿಕೊಳ್ಳಲಿಲ್ಲ, ಡ್ರೈವರು ಇಲ್ಲ ಅಂದಿರಲೇ ಇಲ್ಲವಲ್ಲ. ಇದನ್ನೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ ಮೇಷ್ಟ್ರು ತಟ್ಟೆ ಕೆಳಗಿಟ್ಟು ಜೋರಾಗಿ ನಗತೊಡಗಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಾರನೆಯ ದಿನದಿಂದ ಅವರಿಗೆ ಅದೇ ಕೆಲಸ. ಟೀ ಅಂಗಡಿ, ಬಸ್ ಸ್ಟ್ಯಾಂಡು, ಆಲೆಮನೆ ಎಲ್ಲ ಕಡೆ ಕೂತು, ನಮ್ಮ ಜನ ಇಲ್ಲ ಎನ್ನದೆ ಇಲ್ಲ ಎನ್ನುವ ಬಗೆಗಳನ್ನು ಕೇಳಿಕೊಂಡು ಬಂದರು. ‘ನಡೀರಿ, ಹಿಂದೇನೇ ಬತ್ತೀನಿ.’ ‘ನಿಮ್ ಮಾತ್ ತೆಗದಾಕ್ತೀನಾ, ಒಸಿ ತಡೀರಿ.’ ‘ನೀವೇ ಮುಂದೆ ನಿಂತ್ಕಂಡು ತೋರ್ಸ್ಕೊಡಿ ಅಣ್ಣ, ಕಲ್ತ್ಕತೀನಿ.’ ಸಿದ್ದಣ್ಣನ ಕತೆಗೆ ಮೂರನೆಯ ಬಟನ್ನು ಬಂತು. ಅದನ್ನು ಒತ್ತಿದರೆ ಇಂಥ ಮಾತುಗಳು ತೆರೆದುಕೊಳ್ಳುತ್ತಿದ್ದವು, ಒಂದೊಂದಕ್ಕೂ ಸಿದ್ದಣ್ಣನ ಉತ್ತರ ಬೇರೆ, ಅದಕ್ಕೆ ಮತ್ತೆ ಪುಟ್ಟಸ್ವಾಮಿಯ ಮಾತು ಬೇರೆ. ಹೀಗೆ ಮಾತಿಗೆ ಮಾತು ಬೆಳೆಸಿ ತೊಟ್ಟಿಯಿಂದ ದೂರ ಉಳಿದು, ಗಾಳಿ ಪರೀಕ್ಷೆ ಮಾಡುವವರು ಬರುವ ತನಕ ಕಾಲ ತಳ್ಳಿದರೆ ಗೆದ್ದ ಹಾಗೆ. ಒತ್ತಿದ್ದು ಯಾರಿಗೂ ಗೊತ್ತಾಗದ ಹಾಗೆ ಆ ಸ್ಕ್ರೀನುಗಳ ಲೆಕ್ಕ ಕಂಪ್ಯೂಟರಿಗೆ ಹೋಗುವುದನ್ನೂ ತಪ್ಪಿಸಿದರು. ನಾನು ಪುಟ್ಟಸ್ವಾಮಿಯ ಹೆಂಡತಿಯ ಧ್ವನಿ ಕೊಟ್ಟೆ, ಕತೆ ಹೇಳುವವಳ ಧ್ವನಿಯೂ ನನ್ನದೇ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಆ ಮೈಕಿನ ಮುಂದೆ ಕೂತಿರಲಿಲ್ಲ.

ಮತ್ತೆ ಅದೇ ಕ್ಯಾಂಟೀನು. ಈ ಸಲ ಕ್ಯಾಂಟೀನು ನಗುತ್ತಿತ್ತು. ಇದಕ್ಕಿಂತ ಒಳ್ಳೆ ನೆಪ ನನ್ನ ಹತ್ತಿರ ಇದೆ ಎಂದು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಟವೆಲ್ಲಿನ ಹಿರಿಯ ಮೂರನೆಯ ಬಟನ್ನನ್ನು ಒತ್ತಿದ, ಸಿದ್ದಣ್ಣನನ್ನು ಮಾತಿನಲ್ಲಿ ಸುತ್ತಿಸಿ ಸುಸ್ತು ಮಾಡಿದ, ಪುಟ್ಟಸ್ವಾಮಿಯನ್ನು ಉಳಿಸಿಕೊಂಡ. ಮೇಷ್ಟ್ರು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಕೋರ್ಸು ಎಂದರೆ ಇದು ಎಂದು ನನಗೆ ಅವತ್ತು ಅನ್ನಿಸಿತು, ಇವತ್ತಿಗೂ ಅದು ಬದಲಾಗಿಲ್ಲ.

ಆಮೇಲೆ ಕಾರ್ಖಾನೆಯ ಮ್ಯಾನೇಜರು ನೋಡಿದರು. ಒಳ್ಳೆ ನಯವಾದ ಮನುಷ್ಯ, ನಮಗೆಲ್ಲ ಬಾದಾಮಿ ಹಾಲು ತರಿಸಿಕೊಟ್ಟರು. ಪೂರ್ತಿ ನೋಡಿ ಮುಗಿಸಿ, ಕೆಲಸ ತಪ್ಪಿಸಿಕೊಳ್ಳುವುದು ಹೇಗೆ ಅಂತ ನಮ್ಮ ದುಡ್ಡಿನಲ್ಲೇ ನಮ್ಮವರಿಗೆ ಪಾಠ ಮಾಡಿದ್ದೀರಲ್ಲ ಮೇಷ್ಟ್ರೇ ಎಂದು ನಕ್ಕರು. ಆ ಮೂರನೆಯ ಬಟನ್ನು ಬೇಡ. ಸಾಯುವ ದೃಶ್ಯ ಬೇಡ. ಸೂಪರ್‌ವೈಸರು ತಪ್ಪು ಹೇಳುವುದಂತೂ ಬೇಡವೇ ಬೇಡ. ಎಲ್ಲರೂ ಬೇಗ ಮುಗಿಸುವ ಹಾಗಿರಲಿ, ಎಲ್ಲರೂ ಪಾಸಾಗುವ ಹಾಗಿರಲಿ, ಸರ್ಟಿಫಿಕೇಟು ಬಂದರೆ ನಮಗೆ ಸಾಕು ಎಂದರು. ಇದೆಲ್ಲ ಬಾಯಿಮಾತು, ಒಂದು ಅಕ್ಷರವೂ ಬರಹದಲ್ಲಿಲ್ಲ. ನಮ್ಮ ಓನರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಲೋಟ ಕೆಳಗಿಟ್ಟು, “ಆಯ್ತು ಸಾರ್. ತೆಗೀತೀನಿ” ಎಂದರು.

ನನಗೆ ಒಳಗೊಳಗೇ ನಗು. ಇದು ಮುತ್ತತ್ತಿಯ ಡ್ರೈವರು ಹೇಳಿದ ಥರದ ‘ಆಯ್ತು’ ಎಂದುಕೊಂಡೆ. ಟೈರು ನೋಡುತ್ತಾರೆ, ಗಾಜು ಒರೆಸುತ್ತಾರೆ, ಅಷ್ಟರಲ್ಲಿ ಮ್ಯಾನೇಜರಿಗೆ ಮರೆಯುತ್ತದೆ ಎಂದು ಕಾದೆ. ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಮೇಷ್ಟ್ರು ಕೂತು ಒಂದೊಂದೇ ಸ್ಕ್ರೀನನ್ನು ಅಳಿಸುತ್ತಿದ್ದರು. ಊಟಕ್ಕೂ ಏಳಲಿಲ್ಲ. ಸಂಜೆಯ ವೇಳೆಗೆ ಕೋರ್ಸು ಮ್ಯಾನೇಜರು ಹೇಳಿದ ಹಾಗೆಯೇ ಆಗಿತ್ತು: ಸರಿಯಾದ ಬಟನ್ನು ಮಾತ್ರ ಮಿನುಗುತ್ತದೆ, ಬೇರೆಯದನ್ನು ಒತ್ತಿದರೂ ಅದು ಅಲ್ಲಾಡುವುದಿಲ್ಲ, ಕೊನೆಗೆ ನನ್ನ ಧ್ವನಿ ಅಭಿನಂದನೆಗಳು ಎನ್ನುತ್ತದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀವಾದರೂ ಆಗಲ್ಲ ಅನ್ನಬಹುದಿತ್ತಲ್ಲ ಸಾರ್ ಎಂದು ಎದುರಿಗೇ ಕೇಳಿದೆ. ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದರು. ಜೊತೆಗೆ, ಓನರು ಒಳ್ಳೆಯವರು, ಐಟಿಐ ಮುಚ್ಚಿದಾಗ ಕರೆದು ಕೆಲಸ ಕೊಟ್ಟವರು ಎಂದರು.

ಒಂದು ವರ್ಷ ಕಳೆದಿರಬಹುದು. ಆ ತೊಟ್ಟಿಯಲ್ಲಿ ಒಬ್ಬ ಸತ್ತ. ಯಲಿಯೂರಿನವನು, ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬಂದು ಹೋಗುತ್ತಿದ್ದ. ನಾವು ಅವನನ್ನು ಕಂಡವರಲ್ಲ, ಕ್ಯಾಂಟೀನಿನಲ್ಲಿ ಕೋರ್ಸು ತೋರಿಸಿದ ಕಾಲಕ್ಕೆ ಅವನಿನ್ನೂ ಕೆಲಸಕ್ಕೇ ಸೇರಿರಲಿಲ್ಲ. ಪಂಪು ಕಟ್ಟಿಕೊಂಡಿತ್ತು, ಸೂಪರ್‌ವೈಸರು ಹೇಳಿದ, ಇವನು ಇಳಿದ. ಮೂರು ದಿನದ ಮೇಲೆ ಕಾರ್ಖಾನೆಯವರು ಹೇಳಿಕೆ ಕೊಟ್ಟರು. ಮೃತನಿಗೆ ಆನ್‌ಲೈನ್ ತರಬೇತಿ ಕೊಡಲಾಗಿತ್ತು, ಅದರಲ್ಲಿ ನೂರಕ್ಕೆ ನೂರು ತೆಗೆದಿದ್ದ, ಎಲ್ಲ ತಿಳಿದೂ ತನ್ನ ನಿರ್ಲಕ್ಷ್ಯದಿಂದ ಇಳಿದಿದ್ದಾನೆ. ಜೊತೆಗೆ ಅವನ ಸರ್ಟಿಫಿಕೇಟು. ಅದರ ಅಂಚಿನ ಬಳ್ಳಿಯ ಚಿತ್ತಾರವನ್ನು ಕೂಡ ಮೇಷ್ಟ್ರೇ ಆರಿಸಿದ್ದರು. ಅದನ್ನು ನೋಡಿದ ಮೇಷ್ಟ್ರು ಎದ್ದು ಓನರ ಕೋಣೆಗೆ ಹೋದರು. ಸಾವಿನ ವಿಚಾರಣೆ ನಡೆಯುವ ಕಡೆ ಹೋಗಿ, ಆ ಕೋರ್ಸಿನಲ್ಲಿ ಯಾರೂ ನಪಾಸಾಗಲು ಸಾಧ್ಯವೇ ಇರಲಿಲ್ಲ, ಅದು ಏನನ್ನೂ ಕಲಿಸುತ್ತಿರಲಿಲ್ಲ ಎಂದು ಹೇಳುತ್ತೇನೆ ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ಅವರ ಕಂಪ್ಯೂಟರು ಅವರ ಪಾಸ್‌ವರ್ಡನ್ನು ಒಪ್ಪಲಿಲ್ಲ. ಉಕ್ಕಿನ ಸ್ಕೇಲು, ಎಣ್ಣೆ ಶೀಶೆ ತೆಗೆದುಕೊಂಡು ಮಳವಳ್ಳಿ ಬಸ್ಸು ಹತ್ತಿದರು. ತಿಂಗಳೊಳಗೆ ನಾನೂ ಬಿಟ್ಟೆ.

ಆಮೇಲಿನ ಮೇಷ್ಟ್ರ ಬಗ್ಗೆ ಬರೆಯಲು ಹೆಚ್ಚಿಲ್ಲ. ತಮ್ಮನ ಲೇತ್ ಅಂಗಡಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಒಂದೆರಡು ಸಲ ಹೋಗಿದ್ದೆ. ಏನು ಕೇಳಿದರೂ ‘ಆಯ್ತು’. ಟೀ ಕುಡಿಯುತ್ತೀರಾ ಎಂದರೆ ಆಯ್ತು, ಬೇಡವಾ ಎಂದರೆ ಅದಕ್ಕೂ ಆಯ್ತು. ಡಾಕ್ಟರು ಸಿಹಿ ಬಿಡಿ ಎಂದಾಗ ಆಯ್ತು ಎಂದರಂತೆ, ಯಾರೋ ಮನೆಗೆ ಮಿಠಾಯಿ ತಂದು ಮುಂದಿಟ್ಟಾಗಲೂ ಆಯ್ತು ಎಂದು ತಿಂದರಂತೆ. ಜಗಳ ಆಡುವುದಕ್ಕಾದರೂ ಬಾಯಿ ಬಿಡಲಿ ಎಂದು ಅವರ ಹೆಂಡತಿ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದರು. ಸುಮ್ಮನೆ ಉಂಡು ಎದ್ದರು ಎಂದು ಹೇಳಿ ಆಕೆ ನನ್ನ ಮುಂದೆ ಅತ್ತರು. ಮಗಳಿಗೆ ನರ್ಸಿಂಗ್ ಮುಗಿದು ಕೆಲಸ ಸಿಕ್ಕ ದಿನವೂ ಆ ಮುಖದಲ್ಲಿ ಏನೂ ಬದಲಾಗಲಿಲ್ಲವಂತೆ. ಅವರು ಹಾಗೇಕಾದರು ಎಂದು ಮನೆಯವರು ನನ್ನನ್ನು ಕೇಳುತ್ತಿದ್ದರು. ಮೇಷ್ಟ್ರು ಅವರಿಗೆ ಹೇಳಿರಲಿಲ್ಲ, ಹೇಳದ್ದನ್ನು ನಾನು ಹೇಳುವುದು ಸರಿ ಕಾಣಲಿಲ್ಲ. ಈಗ ಹೇಳುತ್ತೇನೆ.

ವಿಚಾರಣೆಯ ದಿನ ನಾವಿಬ್ಬರೂ ಹೋಗಿದ್ದೆವು. ಮಂಡ್ಯದ ಹಳೇ ಕಟ್ಟಡದಲ್ಲಿ ಒಂದು ಕೋಣೆ. ಅಧಿಕಾರಿ ತಾಳ್ಮೆಯವರೇ, ಎಲ್ಲರನ್ನೂ ಕೂರಿಸಿ ಮಾತಾಡಿಸಿದರು. ಸತ್ತವನ ಹೆಂಡತಿ ಅತ್ತೆಯ ಜೊತೆ ಬಂದು ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದಳು. ಸಣ್ಣ ವಯಸ್ಸು. ಕಾರ್ಖಾನೆಯ ವಕೀಲರು, ಬಾಯಲ್ಲಿ ಹೇಳುವುದಕ್ಕಿಂತ ಮೃತ ವ್ಯಕ್ತಿ ಪಡೆದ ತರಬೇತಿಯನ್ನೇ ತೋರಿಸುತ್ತೇವೆ ಎಂದು ದೀಪ ಆರಿಸಿ ಗೋಡೆಯ ಮೇಲೆ ಕೋರ್ಸು ಬಿಟ್ಟರು.

ಪುಟ್ಟಸ್ವಾಮಿ ಬಂದ. ಸಿದ್ದಣ್ಣ ಬಂದ. ಕೆಳಗೆ ಮೂರು ಬಟನ್ನು.

ನಾನು ಮೇಷ್ಟ್ರ ಮುಖ ನೋಡಿದೆ. ಮೊದಲು ಅದು ಅರಳಿತು, ಸುಳ್ಳು ಹೇಳುವುದಿಲ್ಲ. ತಾವು ಅಳಿಸಿದ್ದು ಎಲ್ಲಿಂದಲೋ ಬದುಕಿ ಬಂದು ಗೋಡೆ ತುಂಬಾ ನಿಂತಿತ್ತು. ಟಾರ್ಚು, ನೆಪದ ಮಾತುಗಳು, ಒಂದೊಂದಕ್ಕೂ ಸಿದ್ದಣ್ಣನ ಉತ್ತರ, ಎಲ್ಲ ಇದ್ದ ಹಾಗೆಯೇ. ಆಮೇಲೆ ಅವರಿಗೆ ತಿಳಿಯಿತು. ಅಳಿಸುವ ಮೊದಲಿನ ಪ್ರತಿ ನಮ್ಮ ಕಂಪನಿಯಲ್ಲಿ ಎಲ್ಲೋ ಉಳಿದಿತ್ತು. ಅವನು ಸತ್ತ ಮೇಲೆ ಅದನ್ನು ಹುಡುಕಿ ತೆಗೆದು, ಇದ್ದದ್ದರ ಜಾಗಕ್ಕೆ ಕೂರಿಸಿದ್ದರು. ಕತ್ತಲೆ ಕೋಣೆಯಲ್ಲಿ ನನ್ನ ಧ್ವನಿ ಪುಟ್ಟಸ್ವಾಮಿಯ ಹೆಂಡತಿಯಾಗಿ, ಸಂಜೆ ಬೇಗ ಬಂದ್ಬುಡಿ ಎನ್ನುತ್ತಿತ್ತು. ನನಗೆ ಕಿವಿ ಮುಚ್ಚಿಕೊಳ್ಳುವಂತಾಯಿತು.

ಮೇಷ್ಟ್ರು ಎದ್ದು ನಿಂತು, ಇದು ಅವನು ನೋಡಿದ್ದಲ್ಲ, ಮ್ಯಾನೇಜರು ಹೇಳಿದ್ದಕ್ಕೆ ಇದನ್ನೆಲ್ಲ ತೆಗೆದಿದ್ದೆ ಎಂದರು. ವಕೀಲರು ಇದನ್ನು ಮಾಡಿದವರು ಯಾರು ಎಂದು ಕೇಳಿದರು. ನಾನೇ ಎಂದರು. ಇದರಲ್ಲಿ ತಪ್ಪು ಏನಾದರೂ ಕಲಿಸಿದೆಯೇ ಎಂದು ಕೇಳಿದರು. ಇಲ್ಲ ಎಂದರು. ತೆಗೆಯಲು ಹೇಳಿದ್ದಕ್ಕೆ ಬರಹ ಇದೆಯೇ ಎಂದು ಅಧಿಕಾರಿ ಕೇಳಿದರು. ಅದೂ ಇರಲಿಲ್ಲ. ನಾನು ಎದ್ದು, ಇದನ್ನು ಅಳಿಸಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ ಎಂದೆ. ವಕೀಲರು, ಈಗ ಕೇಳಿಸಿದ್ದು ನಿಮ್ಮ ಧ್ವನಿ ತಾನೇ ಮೇಡಂ ಎಂದರು. ಅಧಿಕಾರಿ ಏನೋ ಬರೆದುಕೊಂಡು, ದಾಖಲೆ ತನ್ನಿ, ನೋಡೋಣ ಎಂದರು. ಕೆಲಸದಿಂದ ಹೊರಬಿದ್ದ ನಮಗೆ ದಾಖಲೆ ಎಲ್ಲಿಂದ ಬರಬೇಕು.

ಹೊರಗೆ ಪಡಸಾಲೆಯಲ್ಲಿ ಆ ಹೆಣ್ಣುಮಗಳು ಮೇಷ್ಟ್ರ ಹತ್ತಿರ ತಾನಾಗಿ ಬಂದಳು. ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು, ಅದು ಗಂಡನ ಮೇಲೆ.

“ಸಣ್ ಮಕ್ಳಿಗ್ ಯೋಳ್ದಂಗೆ ಯೋಳ್ಕೊಟ್ಟಿದ್ದೀರಿ ಸಾರ್. ನಂಗೇ ಅರ್ತ ಆಯ್ತು. ಇಷ್ಟ್ ನೋಡುದ್ ಮೇಲೂ ಇಳ್ದವ್ನೆ ಅಂದ್ರೆ ಇನ್ನೇನ್ ಯೋಳದು. ನನ್ ಗಂಡ ದಡ್ಡ ಅಂತ ನಾನು ತಿಳ್ಕಂಡಿರ್ಲಿಲ್ಲ.”

ಮೇಷ್ಟ್ರು ಅವಳಿಗೆ ಎಲ್ಲ ಹೇಳಿದರು. ನಿನ್ನ ಗಂಡ ಇದನ್ನು ನೋಡೇ ಇಲ್ಲ ತಾಯಿ, ಅವನ ಮುಂದೆ ಬಂದದ್ದು ಮಿನುಗುವ ಒಂದು ಬಟನ್ನು ಅಷ್ಟೆ, ಇದನ್ನೆಲ್ಲ ಅದಕ್ಕೂ ಮೊದಲೇ ನನ್ನ ಕೈಯಾರೆ ತೆಗೆದುಹಾಕಿದ್ದೆ, ಅವನು ದಡ್ಡ ಅಲ್ಲ ಎಂದರು. ಅವಳು ಪೂರ್ತಿ ಕೇಳಿಸಿಕೊಂಡಳು. ಅತ್ತೆ ರೈಲಿಗೆ ಹೊತ್ತಾಯಿತು ಎಂದು ತೋಳು ಹಿಡಿದು ಎಳೆದರೂ ಕದಲಲಿಲ್ಲ.

“ಇಂತಾದ್ದುನ್ನ ಯಾಕ್ ಸಾರ್ ತೆಗುದ್ರಿ?”

“ದೊಡ್ಡೋರು ತೆಗಿ ಅಂದ್ರು ಕಣವ್ವ. ಇಲ್ಲ ಅನ್ನಕ್ ಆಗ್ಲಿಲ್ಲ.”

ಅವಳು ಮೇಷ್ಟ್ರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಅವಳ ಮುಖದ ಸಿಟ್ಟು ಇಳಿದುಹೋಯಿತು.

“ನಮ್ಮನೆಯೋರೂ ಅಷ್ಟೇ ಸಾರ್ ಮಾಡಿದ್ದು” ಎಂದಳು. “ಅವ್ರು ಓಗ್ಬುಟ್ರು. ನೀವ್ ಉಳ್ಕಂಡ್ರಿ.”